ಮೇಷ್ಟ್ರ ತಲೆನೋವಿನಿಂದ ಹುಟ್ಟಿದ ಕೋಷ್ಟಕ

ಧಾತುಗಳನ್ನು ಕ್ರಮವಾಗಿ ಜೋಡಿಸಿದ ಆವರ್ತ ಕೋಷ್ಟಕವನ್ನು ನಾನು ಕಲಿತದ್ದು ಮಗ್ಗಿ ಕಲಿತ ಹಾಗೆ. ಬಾಗಲಕೋಟೆ ಜಿಲ್ಲೆಯ ಒಂದು ಹೈಸ್ಕೂಲು. ಗೋಡೆಗೆ ನೇತು ಹಾಕಿದ ಚಾರ್ಟಿನ ಕೆಳಗಿನ ಮೂಲೆಯನ್ನು ಗೆದ್ದಲು ತಿಂದಿತ್ತು. ಯುರೇನಿಯಂ ಇರುವ ಸಾಲು ಪೂರ್ತಿ ಅದರ ಹೊಟ್ಟೆ ಸೇರಿತ್ತು. ನಾವು ಒಂದೇ ರಾಗದಲ್ಲಿ ಹೈಡ್ರೋಜನ್, ಹೀಲಿಯಂ, ಲಿಥಿಯಂ ಎಂದು ಶುರುಮಾಡಿ ಕ್ಯಾಲ್ಸಿಯಂಗೆ ಬಂದು ನಿಲ್ಲುತ್ತಿದ್ದೆವು. ಇಪ್ಪತ್ತು ಆಯಿತು, ಸಾಕು.

ಒಂದು ದಿನ ಹಿಂದಿನ ಬೆಂಚಿನವನೊಬ್ಬ ಎದ್ದು ನಿಂತ. "ಸರ್, ಐರನ್‌ಗೆ ಎಫ್‌ಇ ಯಾಕ್ರೀ? ಐ ಬರಬೇಕಲ್ರೀ?"

"ಐ ಬರದ್ರ ಮಾರ್ಕ್ಸ್ ಇಲ್ಲ. ಕೂಡು."

ಕೇಳಿದ್ದು ಒಳ್ಳೆಯ ಪ್ರಶ್ನೆ. ಕಬ್ಬಿಣಕ್ಕೆ ಲ್ಯಾಟಿನ್‌ನಲ್ಲಿ ಫೆರಮ್ ಎನ್ನುತ್ತಾರೆ, ಅದಕ್ಕೇ ಎಫ್‌ಇ. ಹೇಳಲು ಅರ್ಧ ನಿಮಿಷವೂ ಬೇಕಿರಲಿಲ್ಲ. ನಮ್ಮ ಕಡೆ ಇದು ಸಣ್ಣ ತೊಡಕಲ್ಲ. ಮನೆಯಲ್ಲಿ ಕಬ್ಬಿಣ, ಪುಸ್ತಕದಲ್ಲಿ ಐರನ್, ಸಂಕೇತ ಮಾತ್ರ ಯಾರೂ ಆಡದ ಭಾಷೆಯದು. ಬೆಳಗಾವಿಯಲ್ಲಾದರೆ ಪಕ್ಕದ ಮರಾಠಿ ಶಾಲೆಯಲ್ಲಿ ಅದು ಲೋಖಂಡ, ಉರ್ದು ಶಾಲೆಯಲ್ಲಿ ಲೋಹಾ. ಮೂರೂ ಕಡೆ ಬೋರ್ಡಿನ ಮೇಲೆ ಅದೇ ಎಫ್‌ಇ.

ಇಷ್ಟಕ್ಕೂ ಈ ಕೋಷ್ಟಕ ಹುಟ್ಟಿದ್ದೇ ಪಾಠ ಹೇಳುವವರೊಬ್ಬರ ತಲೆನೋವಿನಿಂದ. ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಡಿಮಿಟ್ರಿ ಮೆಂಡಲೀವ್‌ಗೆ ತನ್ನ ವಿದ್ಯಾರ್ಥಿಗಳ ಕೈಗೆ ಕೊಡಲು ರಷ್ಯನ್ ಭಾಷೆಯಲ್ಲಿ ಒಂದು ಸರಿಯಾದ ಪುಸ್ತಕ ಇರಲಿಲ್ಲ. ತಾನೇ ಬರೆಯಲು ಕೂತ. ಮೊದಲ ಸಂಪುಟ ಮುಗಿಯಿತು. ಅದರಲ್ಲಿ ಬಂದದ್ದು ಬೆರಳೆಣಿಕೆಯ ಧಾತುಗಳು. ಆಗ ಗೊತ್ತಿದ್ದದ್ದು 63. ಉಳಿದವನ್ನೆಲ್ಲ ಎರಡನೇ ಸಂಪುಟದಲ್ಲಿ ಹೇಗೆ ತುರುಕುವುದು? ಒಂದೊಂದನ್ನೇ ಹೇಳುತ್ತ ಹೋದರೆ ಮುಗಿಯುವುದಿಲ್ಲ. ಯಾವುದಾದರೂ ಕ್ರಮ ಬೇಕಿತ್ತು. 1869ರಲ್ಲಿ ಕೋಷ್ಟಕ ಬಂತು. ಅವನು ಇಸ್ಪೀಟಿನ ಎಲೆಗಳ ಹಾಗೆ ಧಾತುಗಳನ್ನು ಜೋಡಿಸಿ ಆಡಿದ ಎಂಬ ಕತೆಯೂ ಇದೆ. ಅದು ನಿಜವೋ ಸುಳ್ಳೋ, ತರಗತಿಗೆ ಮಾತ್ರ ಬಹಳ ಒಳ್ಳೆಯ ಕತೆ.

ಅವನಿಗೂ ಮುಂಚೆ ಈ ಹಾದಿಯಲ್ಲಿ ನಡೆದವರಿದ್ದರು. ಜರ್ಮನಿಯ ಡೊಬೆರೈನರ್ ಮೂರು ಮೂರು ಧಾತುಗಳ ಗುಂಪು ಮಾಡಿದ. ಲಿಥಿಯಂನ ಪರಮಾಣು ತೂಕ 7, ಪೊಟ್ಯಾಸಿಯಂನದು 39, ಎರಡರ ಸರಾಸರಿ 23, ಅದೇ ನಡುವಿನ ಸೋಡಿಯಂನ ತೂಕ. ಚೆಂದ, ಆದರೆ ಇಂಥ ಗುಂಪುಗಳು ಜಾಸ್ತಿ ಸಿಗಲಿಲ್ಲ.

ಆಮೇಲೆ ಇಂಗ್ಲೆಂಡಿನ ನ್ಯೂಲ್ಯಾಂಡ್ಸ್. ಪಾಪ ಎನಿಸುವುದು ಇವನ ಕತೆಯೇ. ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಪ್ರತಿ ಎಂಟನೆಯದು ಮೊದಲನೆಯದರ ಗುಣ ತೋರಿಸುತ್ತದೆ, ಸರಿಗಮಪದನಿ ಆದ ಮೇಲೆ ಮತ್ತೆ ಸ ಬಂದ ಹಾಗೆ ಎಂದ. ಗಾಯಕ ಕುಮಾರ ಗಂಧರ್ವರು ಹುಟ್ಟಿದ್ದು ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ. ನಮ್ಮ ಮಕ್ಕಳಿಗೆ ಸಪ್ತಕ ಬಿಡಿಸಿ ಹೇಳಬೇಕೇ? 1866ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯಲ್ಲಿ ನ್ಯೂಲ್ಯಾಂಡ್ಸ್ ಇದನ್ನು ಹೇಳಿದಾಗ ಒಬ್ಬ ಪ್ರೊಫೆಸರ್, ಅಕ್ಷರಮಾಲೆಯ ಕ್ರಮದಲ್ಲೂ ಜೋಡಿಸಿ ನೋಡಿದ್ದೀರಾ ಎಂದು ಕೇಳಿ ಅವನ ಕಾಲೆಳೆದ. ತಪ್ಪೂ ಇತ್ತೆನ್ನಿ. ಕ್ಯಾಲ್ಸಿಯಂ ದಾಟಿದರೆ ಅವನ ರಾಗ ಅಪಸ್ವರ. ಕಬ್ಬಿಣ ಹೋಗಿ ಆಮ್ಲಜನಕದ ಗುಂಪಿನಲ್ಲಿ ಕೂತಿತ್ತು. ಅದೇ ನ್ಯೂಲ್ಯಾಂಡ್ಸ್‌ಗೆ 1887ರಲ್ಲಿ ಡೇವಿ ಪದಕ ಕೊಟ್ಟರು.

ಮೆಂಡಲೀವ್ ಗೆದ್ದದ್ದು ಖಾಲಿ ಜಾಗ ಬಿಟ್ಟಿದ್ದರಿಂದ. ಇಲ್ಲೊಂದು ಇರಬೇಕು, ಇನ್ನೂ ಸಿಕ್ಕಿಲ್ಲ ಎಂದು ಹೇಳುವ ಧೈರ್ಯ ಅವನಿಗಿತ್ತು. ಅಲ್ಯೂಮಿನಿಯಂ ಕೆಳಗಿನ ಖಾಲಿ ಮನೆಗೆ 'ಏಕ ಅಲ್ಯೂಮಿನಿಯಂ' ಎಂದು ಹೆಸರಿಟ್ಟ. ಈ 'ಏಕ' ಸಂಸ್ಕೃತದ್ದು, ನಮ್ಮ ಏಕವಚನದ ಏಕವೇ. ಅಲ್ಯೂಮಿನಿಯಂನಿಂದ ಒಂದು ಮನೆ ಕೆಳಗೆ ಎಂದರ್ಥ. ನಮ್ಮ ಮೇಷ್ಟ್ರು ಅದನ್ನು 'ಎಕಾ' ಎಂದು ಯಾವುದೋ ಪರದೇಶಿ ಶಬ್ದದ ಹಾಗೆ ಓದಿ ಮುಂದೆ ಹೋದರು. ಬೆಳಗಾವಿ ಮಕ್ಕಳಿಗೆ ಅಲ್ಯೂಮಿನಿಯಂ ಪರದೇಶಿಯೇನಲ್ಲ. ಯಮನಾಪುರದ ಹಿಂಡಾಲ್ಕೊ ಕಾರ್ಖಾನೆಯಲ್ಲಿ ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಿಯಂನ ಕಚ್ಚಾವಸ್ತು ಅಲ್ಯೂಮಿನಾ ತೆಗೆಯುತ್ತಾರೆ. ಹಿರಿಯರು ಈಗಲೂ ಅದಕ್ಕೆ ಇಂಡಾಲ್ ಎಂದೇ ಅನ್ನುತ್ತಾರೆ.

1875ರಲ್ಲಿ ಫ್ರಾನ್ಸಿನ ಬುವಾಬೊದ್ರಾನ್‌ಗೆ ಆ ಧಾತು ಸಿಕ್ಕಿತು. ಗ್ಯಾಲಿಯಂ ಎಂದು ಹೆಸರಿಟ್ಟ. ಸಾಂದ್ರತೆ ಅಳೆದರೆ ನೀರಿನ 4.7 ಪಟ್ಟು ಬಂತು. ಧಾತುವನ್ನು ಕಣ್ಣಿಂದ ಕಾಣದ ಮೆಂಡಲೀವ್, ನಿಮ್ಮ ಮಾದರಿ ಶುದ್ಧವಿಲ್ಲ, ಮತ್ತೆ ಅಳೆಯಿರಿ, 5.9ರ ಹತ್ತಿರ ಬರಬೇಕು ಎಂದ. ಅಳೆದರು, 5.9 ಬಂತು! ಸುಮಾರು 30 ಡಿಗ್ರಿಗೇ ಈ ಲೋಹ ಕರಗುತ್ತದೆ. ವಿಜಯಪುರದ ಏಪ್ರಿಲ್ ಮಧ್ಯಾಹ್ನ ಇದನ್ನು ಬಾಟಲಿಯಲ್ಲಿಟ್ಟರೆ ಕಪಾಟಿನಲ್ಲೇ ನೀರಾಗಿ ಕೂತಿರುತ್ತದೆ.

ಸ್ಕ್ಯಾಂಡಿಯಂ 1879ರಲ್ಲಿ, ಜರ್ಮೇನಿಯಂ 1886ರಲ್ಲಿ ಬಂದು ಅವನು ಬಿಟ್ಟಿದ್ದ ಇನ್ನೆರಡು ಖಾಲಿ ಮನೆ ತುಂಬಿದವು. ತೂಕದ ಬದಲು ಪರಮಾಣು ಸಂಖ್ಯೆಯೇ (ಪರಮಾಣುವಿನೊಳಗಿನ ಪ್ರೋಟಾನ್‌ಗಳ ಎಣಿಕೆ) ಕ್ರಮಕ್ಕೆ ಆಧಾರ ಎಂದು 1913ರಲ್ಲಿ ತೋರಿಸಿದವನು ಇಂಗ್ಲೆಂಡಿನ ವಿಜ್ಞಾನಿ ಮೋಸ್ಲಿ. ಎರಡೇ ವರ್ಷಕ್ಕೆ ಗ್ಯಾಲಿಪೊಲಿಯ ಯುದ್ಧದಲ್ಲಿ ಸತ್ತ. ಆಗ ಅವನಿಗೆ 27. ಈಗ ಕೋಷ್ಟಕದಲ್ಲಿ 118 ಧಾತುಗಳಿವೆ.

ನಮ್ಮ ತರಗತಿಗೆ ಬರುವಷ್ಟರಲ್ಲಿ ಈ ಕತೆಯೆಲ್ಲ ಸೋರಿ ಹೋಗಿ ಎರಡು ಅಂಕದ ಪ್ರಶ್ನೆಗಳು ಉಳಿದವು. 'ನ್ಯೂಲ್ಯಾಂಡ್ಸ್‌ನ ಅಷ್ಟಕ ನಿಯಮದ ಮಿತಿಗಳನ್ನು ಬರೆಯಿರಿ.' ಬರೆದೆವು. ಆಮೇಲೆ ಅದೂ ಹೋಯಿತು. ಕೋವಿಡ್ ನಂತರ ಮಕ್ಕಳ ಹೊರೆ ಇಳಿಸುತ್ತೇವೆ ಎಂದು 2022ರಲ್ಲಿ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನದಿಂದ ಈ ಅಧ್ಯಾಯವನ್ನೇ ಪೂರ್ತಿ ತೆಗೆಯಿತು. ಮರುವರ್ಷ ಗಲಾಟೆ ಎದ್ದಾಗ, ಒಂಬತ್ತರಲ್ಲಿ ಧಾತು, ಸಂಕೇತ ಇವೆ, ಹನ್ನೊಂದರಲ್ಲಿ ಕೋಷ್ಟಕ ವಿವರವಾಗಿದೆ ಎಂದು ಉತ್ತರ ಬಂತು. ಹನ್ನೊಂದನೇ ತರಗತಿಯಲ್ಲಿ ಇರುವುದು ನಿಜ. ಆದರೆ ಎಸ್‌ಎಸ್‌ಎಲ್‌ಸಿ ಮುಗಿಸಿ ಆರ್ಟ್ಸ್, ಕಾಮರ್ಸ್, ಐಟಿಐ ಕಡೆ ಹೋಗುವ ಮಕ್ಕಳು? ಅವರಿಗೆ ಹತ್ತನೆಯದೇ ಕೊನೆಯ ಬಸ್ಸು. ಉರು ಹೊಡೆಸುವುದು ತಪ್ಪಿತು ಎಂದು ಖುಷಿಪಟ್ಟ ಮೇಷ್ಟ್ರುಗಳೂ ಇದ್ದಾರೆ. ಅವರ ಮೇಲೆ ನನಗೆ ಪೂರ್ತಿ ಸಿಟ್ಟಿಲ್ಲ. ನಾವು ಹಾಡಿದ್ದನ್ನು ತೆಗೆದರೆ ನಷ್ಟವೇನೂ ಇರಲಿಲ್ಲ, ಅಲ್ವಾ?

ಕಲಿಸಬೇಕೆಂದರೆ ಸಾಮಾನು ಸುತ್ತಲೇ ಬಿದ್ದಿದೆ. ವಿಜಯಪುರದ ದ್ರಾಕ್ಷಿ ತೋಟದಲ್ಲಿ ಹೊಡೆಯುವ ಮೈಲುತುತ್ತದಲ್ಲಿ ತಾಮ್ರ, ಜೊತೆಗೆ ಬೆರೆಸುವ ಸುಣ್ಣದಲ್ಲಿ ಕ್ಯಾಲ್ಸಿಯಂ. ಒಣದ್ರಾಕ್ಷಿ ಶೆಡ್ಡಿನಲ್ಲಿ ಗಂಧಕದ ಹೊಗೆ. ಬಾದಾಮಿ ಬಂಡೆಯ ಕೆಂಪು ಕಬ್ಬಿಣದ್ದು. ವಿಜಯಪುರದ ಮಲಿಕ್-ಎ-ಮೈದಾನ್ ತೋಪು ತಟ್ಟಿದರೆ ಗಂಟೆಯ ಹಾಗೆ ಸದ್ದು ಮಾಡುವುದು ತಾಮ್ರಕ್ಕೆ ತವರ ಸೇರಿದ್ದರಿಂದ.

ಮುಧೋಳ ಕಡೆಯ ಗೆಳೆಯನೊಬ್ಬ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಾನೆ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಹಿಂಬದಿಗೆ ಒಂದೊಂದು ಧಾತುವಿನ ತೂಕ, ಅದು ಎಷ್ಟು ಆಕ್ಸಿಜನ್ ಹಿಡಿಯುತ್ತದೆ, ಮೆತ್ತಗೋ ಗಟ್ಟಿಯೋ ಎಂಬುದನ್ನು ಬರೆದಿದ್ದಾನೆ. ಹೆಸರು ಬರೆದಿಲ್ಲ. ಮಕ್ಕಳ ಒಂದು ಗುಂಪಿಗೆ ಒಂದು ಕಟ್ಟು. ಕೋಷ್ಟಕವನ್ನು ಮೊದಲೇ ತೋರಿಸುವುದಿಲ್ಲ. ನಾನು ಹೋಗಿದ್ದ ದಿನ ಮಕ್ಕಳು ನೆಲದ ಮೇಲೆ ಕೂತು ಅರ್ಧ ಗಂಟೆ ಜಗಳಾಡಿದರು. ಕೊನೆಗೆ ಒಂದು ಗುಂಪಿನ ಹುಡುಗಿ ಎರಡು ಎಲೆಗಳ ನಡುವೆ ಬೆರಳಿಟ್ಟು ಹುಬ್ಬು ಗಂಟಿಕ್ಕಿದಳು.

"ಸರ್, ಇಲ್ಲೊಂದು ಕಡಿಮಿ ಬಿದ್ದೈತ್ರೀ."

ಅದು ಅವನ ಅಂಗಿಯ ಜೇಬಿನಲ್ಲಿತ್ತು.