ಬಾಲ್ಯದ ಅಪರಾಧ, ಜೀವಾವಧಿ ಶಿಕ್ಷೆ ಮತ್ತು ಮರುನಿಗದಿ: ಅಮೆರಿಕದ ಮೂರು ತೀರ್ಪುಗಳು

ಅಮೆರಿಕದ ಸುಪ್ರೀಂ ಕೋರ್ಟಿನ ಮಿಲ್ಲರ್ ವಿರುದ್ಧ ಅಲಬಾಮಾ (2012) ತೀರ್ಪು ಬಾಲಾಪರಾಧಿಗಳಿಗೆ ಪೆರೋಲ್ (ಅಲ್ಲಿ ಷರತ್ತಿನ ಅವಧಿಪೂರ್ವ ಬಿಡುಗಡೆ) ರಹಿತ ಜೀವಾವಧಿ ಶಿಕ್ಷೆಯನ್ನು ರದ್ದುಮಾಡಿತೆಂದು ಹಲವರು ಬರೆಯುತ್ತಾರೆ, ಅದು ಸರಿಯಲ್ಲ. ಕೊಲೆಯಲ್ಲದ ಅಪರಾಧಗಳಿಗೆ ಆ ಶಿಕ್ಷೆಯನ್ನು ಪೂರ್ಣವಾಗಿ ನಿಷೇಧಿಸಿದ್ದು 2010ರ ಗ್ರಹಾಂ ತೀರ್ಪು. ಮಿಲ್ಲರ್ ತೀರ್ಪು ಹೇಳಿದ್ದು ಇಷ್ಟು: ಹದಿನೆಂಟು ತುಂಬದವರು ಮಾಡಿದ ಕೊಲೆಗೆ ಕಾನೂನೇ ಈ ಶಿಕ್ಷೆಯನ್ನು ಕಡ್ಡಾಯಗೊಳಿಸಿ, ಅಪರಾಧಿಯ ವಯಸ್ಸು, ಬೆಳೆದ ಮನೆಯ ಸ್ಥಿತಿ, ಕೃತ್ಯದಲ್ಲಿ ಅವನ ಪಾತ್ರ, ಸುಧಾರಿಸುವ ಸಾಧ್ಯತೆ ಇವನ್ನೆಲ್ಲ ನ್ಯಾಯಾಧೀಶರು ಪರಿಗಣಿಸದಂತೆ ಕೈಕಟ್ಟಿದರೆ, ಅದು ಕ್ರೂರ ಹಾಗೂ ಅಸಾಮಾನ್ಯ ಶಿಕ್ಷೆಯನ್ನು ನಿಷೇಧಿಸುವ ಸಂವಿಧಾನದ ಎಂಟನೆಯ ತಿದ್ದುಪಡಿಗೆ ವಿರುದ್ಧ.

ಹಾಗಾದರೆ ದಶಕಗಳ ಹಿಂದೆಯೇ ಶಿಕ್ಷೆ ಅಂತಿಮಗೊಂಡು ಸೆರೆಯಲ್ಲಿರುವವರ ಗತಿಯೇನು? ಮರುನಿಗದಿಯ, ಅಂದರೆ ಶಿಕ್ಷೆಯನ್ನು ಹೊಸದಾಗಿ ನಿರ್ಧರಿಸುವ ಪ್ರಶ್ನೆ ಹುಟ್ಟಿದ್ದು ಇಲ್ಲಿ. 1989ರ ಟೀಗ್ ತೀರ್ಪಿನಿಂದ ಬಂದ ತತ್ತ್ವದಂತೆ, ಅಂತಿಮಗೊಂಡ ಪ್ರಕರಣಗಳಿಗೆ ವಿಚಾರಣಾ ಕ್ರಮದ ಹೊಸ ನಿಯಮ ಅನ್ವಯಿಸುವುದಿಲ್ಲ, ಒಂದು ವರ್ಗದವರಿಗೆ ಒಂದು ಶಿಕ್ಷೆಯನ್ನೇ ನಿಷೇಧಿಸುವ ನಿಯಮವಾದರೆ ಅನ್ವಯಿಸುತ್ತದೆ. ಮಿಲ್ಲರ್ ನಿಯಮ ಮೇಲ್ನೋಟಕ್ಕೆ ಮೊದಲನೆಯ ಬಗೆಯದು. ಆದರೆ ಮಾಂಟ್ಗೊಮರಿ ವಿರುದ್ಧ ಲೂಯಿಸಿಯಾನ (2016) ಪ್ರಕರಣದಲ್ಲಿ ನ್ಯಾಯಾಲಯ, ಸುಧಾರಣೆಗೆ ಸಂಪೂರ್ಣ ಅತೀತರಾದ ಅಪರೂಪದ ಕೆಲವರನ್ನು ಬಿಟ್ಟು ಉಳಿದ ಎಲ್ಲ ಬಾಲಾಪರಾಧಿಗಳಿಗೂ ಈ ಶಿಕ್ಷೆ ಮಿತಿಮೀರಿದ್ದೆಂದು ಮಿಲ್ಲರ್ ತೀರ್ಪನ್ನು ಓದಿಕೊಂಡು, ಅದನ್ನು ಎರಡನೆಯ ಬಗೆಗೆ ಸೇರಿಸಿ, ಹಳೆಯ ಪ್ರಕರಣಗಳಿಗೂ ವಿಸ್ತರಿಸಿತು. ಫಲಿತಾಂಶ ನ್ಯಾಯವೇ, ತರ್ಕದ ಬೆಸುಗೆ ಮಾತ್ರ ಇಲ್ಲಿ ತೆಳುವಾಗಿದೆ ಎಂದು ನನ್ನ ಅನಿಸಿಕೆ.

ಪರಿಹಾರದ ದಾರಿಯನ್ನು ನ್ಯಾಯಾಲಯ ರಾಜ್ಯಗಳಿಗೆ ಬಿಟ್ಟಿತು. ಹೊಸದಾಗಿ ವಿಚಾರಣೆ ನಡೆಸಿ ಶಿಕ್ಷೆಯನ್ನು ಮರುನಿಗದಿ ಮಾಡಬಹುದು. ಇಲ್ಲವೇ ಕೈದಿಗೆ ಪೆರೋಲ್ ಮಂಡಳಿಯ ಮುಂದೆ ಷರತ್ತಿನ ಬಿಡುಗಡೆ ಕೋರುವ ಅರ್ಹತೆ ಕೊಟ್ಟರೂ ಸಾಕು. ಎರಡನೆಯದು ಅಗ್ಗದ ದಾರಿ, ಆದರೆ ಅದು ಬಿಡುಗಡೆಯ ಭರವಸೆಯಲ್ಲ. 1963ರಲ್ಲಿ, ಹದಿನೇಳರ ವಯಸ್ಸಿನಲ್ಲಿ ಪೊಲೀಸ್ ಅಧಿಕಾರಿಯೊಬ್ಬರನ್ನು ಕೊಂದಿದ್ದ ಹೆನ್ರಿ ಮಾಂಟ್ಗೊಮರಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಮೇಲೂ ಪೆರೋಲ್ ಮಂಡಳಿ ಅವರ ಕೋರಿಕೆಯನ್ನು 2018 ಮತ್ತು 2019ರಲ್ಲಿ ತಳ್ಳಿಹಾಕಿತು. ಅವರು ಹೊರಬಂದದ್ದು 2021ರಲ್ಲಿ, 75ನೆಯ ವಯಸ್ಸಿನಲ್ಲಿ.

ಮರುನಿಗದಿಯ ವಿಚಾರಣೆಯಲ್ಲಿ ಅಪರಾಧ ಸಾಬೀತಾದ ವಿಷಯವನ್ನು ಮತ್ತೆ ಕೆದಕುವುದಿಲ್ಲ. ಬಾಲ್ಯದ ಹಿನ್ನೆಲೆ, ಮನೋವೈದ್ಯಕೀಯ ಸಾಕ್ಷ್ಯ, ಸೆರೆಮನೆಯಲ್ಲಿನ ನಡತೆ ಮತ್ತು ವಿದ್ಯಾಭ್ಯಾಸ, ಮೃತರ ಕುಟುಂಬದವರ ಹೇಳಿಕೆ ಇವು ಮುಂದೆ ಬರುತ್ತವೆ. ಇಲ್ಲೊಂದು ವಿಚಿತ್ರವಿದೆ: ಹದಿನಾಲ್ಕರ ಹುಡುಗ ಸುಧಾರಿಸಬಲ್ಲವನಾಗಿದ್ದನೇ ಎಂಬ ಪ್ರಶ್ನೆಗೆ ನ್ಯಾಯಾಧೀಶರು ಉತ್ತರ ಹುಡುಕುವುದು ನಡುವಯಸ್ಸಿನ ಕೈದಿಯನ್ನು ಎದುರಿಗಿಟ್ಟುಕೊಂಡು.

ಜೋನ್ಸ್ ವಿರುದ್ಧ ಮಿಸಿಸಿಪ್ಪಿ (2021) ತೀರ್ಪು 6–3ರ ಬಹುಮತದಿಂದ ಆ ತೆಳು ಬೆಸುಗೆಯ ಮೇಲೆಯೇ ಭಾರ ಹಾಕಿತು. ಹಿಂದಿನ ತೀರ್ಪುಗಳನ್ನು ರದ್ದುಪಡಿಸದೆ, ಅಪರಾಧಿ ಸುಧಾರಣೆಗೆ ಅತೀತನೆಂದು ನ್ಯಾಯಾಧೀಶರು ಪ್ರತ್ಯೇಕವಾಗಿ ನಿರ್ಣಯಿಸಬೇಕಾಗಿಲ್ಲ, ವಿವೇಚನೆಗೆ ಅವಕಾಶವಿದ್ದರೆ ಸಾಕು ಎಂದಿತು. ಅದೇ ವರ್ಷ ಅಲಬಾಮಾದ ನ್ಯಾಯಾಲಯ, 2012ರ ತೀರ್ಪಿಗೆ ಹೆಸರು ಕೊಟ್ಟ ಇವಾನ್ ಮಿಲ್ಲರ್‌ಗೆ ಮತ್ತೆ ಪೆರೋಲ್ ರಹಿತ ಜೀವಾವಧಿಯನ್ನೇ ವಿಧಿಸಿತು.

ಆದ್ದರಿಂದ ಈಗ ಹೆಚ್ಚಿನ ರಕ್ಷಣೆ ರಾಜ್ಯಗಳ ಕಾನೂನಿನಲ್ಲಿದೆ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ಬಾಲಾಪರಾಧಿಗಳಿಗೆ ಈ ಶಿಕ್ಷೆಯನ್ನೇ ಕೈಬಿಟ್ಟಿವೆ. ನಮ್ಮಲ್ಲಿ 2015ರ ಬಾಲನ್ಯಾಯ ಕಾಯ್ದೆಯ 21ನೆಯ ಕಲಂ ಬಿಡುಗಡೆಯ ಸಾಧ್ಯತೆಯಿಲ್ಲದ ಜೀವಾವಧಿಯನ್ನು ನೇರವಾಗಿ ನಿಷೇಧಿಸಿದೆ, ಬಾಲಕನಾಗಿದ್ದೆನೆಂಬ ವಾದವನ್ನು ಪ್ರಕರಣ ಅಂತಿಮಗೊಂಡ ಮೇಲೂ ಎತ್ತಲು 9ನೆಯ ಕಲಂ ಅವಕಾಶ ಕೊಡುತ್ತದೆ.