ದೋಷ ಸಿಕ್ಕಿತು ಸರಿ, ಸರಿಮಾಡುವವರು ಯಾರು?

ಸಾಫ್ಟ್‌ವೇರ್ ಕಂಪನಿಗಳು ಸೆಕ್ಯುರಿಟಿ ಬಗ್ಗೆ ಎಚ್ಚೆತ್ತುಕೊಂಡಾಗ ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ಕೋಡ್‌ನಲ್ಲಿರುವ ದೋಷಗಳನ್ನು ತಾನಾಗಿಯೇ ಹುಡುಕುವ ಒಂದು ಸ್ಕ್ಯಾನರ್ ಕೊಳ್ಳುವುದು. ಅದು ಸಾವಿರಾರು ಸಾಲುಗಳ ವರದಿ ಕೊಡುತ್ತದೆ. ಸೆಕ್ಯುರಿಟಿ ತಂಡ ಅದನ್ನು ಹಾಗೆಯೇ ಡೆವಲಪರ್‌ಗಳಿಗೆ ದಾಟಿಸುತ್ತದೆ. ಅವರು ಮೊದಲ ಪುಟ ನೋಡುತ್ತಾರೆ. ಅದರಲ್ಲಿ ಅರ್ಧಕ್ಕರ್ಧ ಸುಳ್ಳು ಎಚ್ಚರಿಕೆ. ಅಲ್ಲಿಗೆ ಮುಗಿಯಿತು, ಮುಂದಿನ ವರದಿಯನ್ನು ಯಾರೂ ತೆರೆಯುವುದಿಲ್ಲ.

ತಪ್ಪು ಸ್ಕ್ಯಾನರ್‌ನದ್ದಲ್ಲ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇತ್ತು: ನಮ್ಮಲ್ಲಿ ಯಾವ್ಯಾವ ಅಪ್ಲಿಕೇಶನ್‌ಗಳಿವೆ, ಒಂದೊಂದಕ್ಕೂ ಹೊಣೆ ಯಾರದು? ಕೇಳಲು ಸಪ್ಪೆ ಅನಿಸುತ್ತದೆ. ಆದರೆ ಜನರ ಸಾಲದ ಇತಿಹಾಸ ದಾಖಲಿಸಿಡುವ ಅಮೆರಿಕದ ಕಂಪನಿ ಈಕ್ವಿಫ್ಯಾಕ್ಸ್‌ನ ಪ್ರಕರಣ ನೋಡಿ. 2017ರ ಮಾರ್ಚ್‌ನಲ್ಲಿ ವೆಬ್ ಅಪ್ಲಿಕೇಶನ್ ಕಟ್ಟಲು ಬಳಸುವ ಸಿದ್ಧ ಸಾಫ್ಟ್‌ವೇರ್ ಅಪಾಚೆ ಸ್ಟ್ರಟ್ಸ್‌ನಲ್ಲಿ ಗಂಭೀರ ದೋಷವೊಂದು ಬಯಲಾಯಿತು, ಅದನ್ನು ಸರಿಪಡಿಸುವ ಪ್ಯಾಚ್ ಕೂಡ ಬಂತು. 48 ಗಂಟೆಯೊಳಗೆ ಪ್ಯಾಚ್ ಹಾಕಿ ಎಂಬ ಇಮೇಲ್ ಕಂಪನಿಯೊಳಗೆ ಹೋಯಿತು. ಆದರೆ ಇಮೇಲ್ ಪಟ್ಟಿ ಹಳೆಯದಾಗಿತ್ತು, ತಲುಪಬೇಕಾದವರಿಗೆ ಅದು ತಲುಪಲಿಲ್ಲ. ಆಮೇಲೆ ಸ್ಕ್ಯಾನ್ ಕೂಡ ಮಾಡಿದರು, ಅದರಲ್ಲೂ ದೋಷ ಸಿಗಲಿಲ್ಲ. ಮೇ ತಿಂಗಳಿಂದ ಕಳ್ಳರು ಒಳಗಿದ್ದರು. ಸುಮಾರು 14.7 ಕೋಟಿ ಜನರ ಮಾಹಿತಿ ಹೋಯಿತು. ಪ್ಯಾಚ್ ಇತ್ತು, ಆದೇಶವಿತ್ತು, ಸ್ಕ್ಯಾನರ್ ಕೂಡ ಇತ್ತು. ಯಾವ ಅಪ್ಲಿಕೇಶನ್ ಯಾರದು ಎಂಬ ಸರಿಯಾದ ಪಟ್ಟಿ ಇರಲಿಲ್ಲ.

2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ ಜಾವಾ ಲೈಬ್ರರಿಯಲ್ಲಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ನಲ್ಲಿ, ದೋಷ ಸಿಕ್ಕಾಗಿನ ಗಲಾಟೆಯಲ್ಲೂ ಇದೇ ಕಥೆ. ದೋಷದ ತೀವ್ರತೆಯ ಅಂಕ 10ಕ್ಕೆ 10. ಲೈಬ್ರರಿಯ ಆವೃತ್ತಿ ಬದಲಿಸುವುದೇನೂ ದೊಡ್ಡ ಕೆಲಸವಲ್ಲ. ಆದರೆ ಅದು ಎಲ್ಲೆಲ್ಲಿದೆ ಅಂತ ಹುಡುಕಬೇಕಲ್ಲ? ನೀವು ಸೇರಿಸಿದ ಲೈಬ್ರರಿಯೊಳಗಿನ ಲೈಬ್ರರಿಯೊಳಗೆ ಅದು ಕೂತಿರುತ್ತದೆ. ಮೇಲಾಗಿ 2.15.0 ಆವೃತ್ತಿಯ ಪರಿಹಾರ ಅರೆಬರೆಯಾಗಿತ್ತು, ಕೆಲವೇ ದಿನಗಳಲ್ಲಿ 2.16.0, ಆಮೇಲೆ 2.17.0 ಬಂದವು. ಹುಡುಕಾಟಕ್ಕೇ ದಿನಗಟ್ಟಲೆ ಬೇಕಾದ ತಂಡ ಪ್ರತಿ ಸಲವೂ ಹಿಂದೆ ಬೀಳುತ್ತದೆ. ಎಸ್‌ಬಾಮ್, ಅಂದರೆ ಸಾಫ್ಟ್‌ವೇರ್‌ನಲ್ಲಿ ಸೇರಿರುವ ಬಿಡಿಭಾಗಗಳ ಪಟ್ಟಿ, ಪ್ರತಿ ಬಿಲ್ಡ್‌ನಲ್ಲೂ, ಅಂದರೆ ಕೋಡ್‌ನಿಂದ ಸಾಫ್ಟ್‌ವೇರ್ ತಯಾರಾಗುವ ಪ್ರತಿ ಸಲವೂ, ತಾನಾಗಿಯೇ ತಯಾರಾಗಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಪಟ್ಟಿ ಸಿದ್ಧವಾದ ಮೇಲೆ ಆಯ್ಕೆಯ ಕೆಲಸ. ಕೇವಲ ತೀವ್ರತೆಯ ಅಂಕ ನೋಡಿ ಸಾಲು ಹಚ್ಚಿದರೆ ಪ್ರಯೋಜನವಿಲ್ಲ. ಆ ಕೋಡ್ ಹೊರಗಿನ ನೆಟ್‌ವರ್ಕ್‌ಗೆ ತೆರೆದಿದೆಯೇ? ಅದರ ಹಿಂದೆ ಯಾವ ಡೇಟಾ ಇದೆ? ಈ ದೋಷವನ್ನು ಈಗಾಗಲೇ ಯಾರಾದರೂ ದುರ್ಬಳಕೆ ಮಾಡುತ್ತಿದ್ದಾರೆಯೇ? ಕೊನೆಯ ಪ್ರಶ್ನೆಗೆ ಅಮೆರಿಕ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸಿಸಾ 2021ರಿಂದ ನಡೆಸುತ್ತಿರುವ ಕೆಇವಿ, ಅಂದರೆ ಈಗಾಗಲೇ ದುರ್ಬಳಕೆಯಾಗಿರುವ ದೋಷಗಳ ಪಟ್ಟಿ, ಎಲ್ಲರಿಗೂ ಉಚಿತ. ಹೀಗೆ ಸೋಸಿದ ಮೇಲೆ ಉಳಿದದ್ದು ತಂಡದ ಮಾಮೂಲಿ ಕೆಲಸದ ಟಿಕೆಟ್‌ಗಳ ಜೊತೆಗೇ ಹೋಗಲಿ. ಅದಕ್ಕೆ ಬೇರೆ ಎಕ್ಸೆಲ್ ಶೀಟ್ ಮಾಡಿದರೆ ಅದು ಅನಾಥವಾಗುತ್ತದೆ.

ದೋಷ ಕಂಡರೆ ಬಿಲ್ಡ್ ತಡೆಯುವ ನಿಯಮವನ್ನು ಹೊಸ ಕೋಡ್‌ಗೆ ಮಾತ್ರ ಹಾಕಿ. ಹಳೆಯದಕ್ಕೂ ಸೇರಿಸಿ ಹಾಕಿದರೆ ಮೊದಲ ದಿನವೇ ಎಲ್ಲ ಬಿಲ್ಡ್ ಕೆಂಪಾಗಿ ನಿಲ್ಲುತ್ತದೆ, ಸಂಜೆಯೊಳಗೆ ಯಾರೋ ನಿಯಮವನ್ನೇ ಆಫ್ ಮಾಡುತ್ತಾರೆ. ಮತ್ತೆ ಆನ್ ಮಾಡಿಸುವುದು ಸುಲಭವಲ್ಲ.

ಒಂದೊಂದೇ ದೋಷ ಮುಚ್ಚುವುದಕ್ಕಿಂತ ಆ ಜಾತಿಯ ದೋಷವನ್ನೇ ಇಲ್ಲವಾಗಿಸುವುದು ಲಾಭ. ಎಸ್‌ಕ್ಯೂಎಲ್ ಇಂಜೆಕ್ಷನ್, ಅಂದರೆ ಬಳಕೆದಾರ ಟೈಪ್ ಮಾಡುವ ಜಾಗದಿಂದ ಡೇಟಾಬೇಸ್‌ಗೆ ಆಜ್ಞೆ ನುಸುಳಿಸುವ ದಾಳಿ, ಅದರ ಬಗ್ಗೆ ಎಷ್ಟು ತರಬೇತಿ ಕೊಟ್ಟರೂ, ಆತುರದಲ್ಲಿ ಯಾರೋ ಒಬ್ಬರು ಬಳಕೆದಾರ ಕೊಟ್ಟ ಸ್ಟ್ರಿಂಗ್ ಜೋಡಿಸಿ ಕ್ವೆರಿ ಬರೆದೇ ಬರೆಯುತ್ತಾರೆ. ಬಳಕೆದಾರ ಕೊಟ್ಟದ್ದನ್ನು ಆಜ್ಞೆಯಿಂದ ಬೇರೆಯಾಗಿಯೇ ಕಳಿಸುವ ಪ್ಯಾರಾಮೀಟರ್ ಕ್ವೆರಿ ಬಿಟ್ಟು ಬೇರೆ ದಾರಿಯನ್ನೇ ಕೊಡದ ಡೇಟಾಬೇಸ್ ಲೈಬ್ರರಿ ಒದಗಿಸಿ. ಸುರಕ್ಷಿತ ದಾರಿಯೇ ಸುಲಭದ ದಾರಿಯೂ ಆದರೆ ಉಪದೇಶದ ಅಗತ್ಯ ಕಡಿಮೆಯಾಗುತ್ತದೆ.

ಯಂತ್ರಕ್ಕೆ ಕಾಣದ ದೋಷಗಳೂ ಇವೆ. ಸಾಫ್ಟ್‌ವೇರ್ ಸುರಕ್ಷತೆಗಾಗಿ ದುಡಿಯುವ ಒವಾಸ್ಪ್ ಸಂಸ್ಥೆ ಪ್ರಕಟಿಸುವ, ಪ್ರಮುಖ ಅಪಾಯಗಳ ಟಾಪ್ ಟೆನ್ ಪಟ್ಟಿಯಲ್ಲಿ 2017ರಲ್ಲಿ ಇಂಜೆಕ್ಷನ್ ಮೊದಲಿತ್ತು. 2021ರಲ್ಲಿ ಆ ಜಾಗಕ್ಕೆ ಪ್ರವೇಶ ನಿಯಂತ್ರಣದ ಲೋಪ ಬಂತು. ವೆಬ್ ವಿಳಾಸದಲ್ಲಿ ಬಿಲ್ ಸಂಖ್ಯೆ ಬದಲಿಸಿದರೆ ಬೇರೆಯವರ ಬಿಲ್ ತೆರೆಯುತ್ತದೆ, ಅಷ್ಟೇ. ಕೋಡ್ ಓದಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಯಾರು ಯಾರ ಬಿಲ್ ನೋಡಬಹುದು ಎಂಬುದು ಸ್ಕ್ಯಾನರ್‌ಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಜನ ಕೂತು ಮಾತಾಡಬೇಕು. ಹೀಗೆ ಕೂತು ಅಪಾಯಗಳನ್ನು ಮೊದಲೇ ಊಹಿಸುವುದಕ್ಕೆ ಥ್ರೆಟ್ ಮಾಡೆಲಿಂಗ್ ಅನ್ನುತ್ತಾರೆ, ಹಲವರು ಅದನ್ನು ದೊಡ್ಡ ದಾಖಲೆ ಅಂದುಕೊಳ್ಳುತ್ತಾರೆ. ಈ ವಿಷಯದ ಪರಿಣತ ಆಡಮ್ ಶೋಸ್ಟಾಕ್ ಅದನ್ನು ನಾಲ್ಕು ಪ್ರಶ್ನೆಗೆ ಇಳಿಸಿದ್ದಾರೆ: ನಾವು ಏನು ಕಟ್ಟುತ್ತಿದ್ದೇವೆ, ಏನು ಕೆಡಬಹುದು, ಅದಕ್ಕೇನು ಮಾಡುತ್ತೇವೆ, ಮಾಡಿದ್ದು ಸಾಕಾಯಿತೇ. ಹೊಸ ಫೀಚರ್ ಶುರುವಾಗುವಾಗ ವೈಟ್‌ಬೋರ್ಡ್ ಮುಂದೆ ಒಂದು ಗಂಟೆ ಸಾಕು. ಟೆಸ್ಟಿಂಗ್ ಮಾಡುವವರನ್ನು ತಪ್ಪದೆ ಕರೆಯಿರಿ, ಏನು ಕೆಡಬಹುದು ಅನ್ನುವುದು ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಹೊಳೆಯುತ್ತದೆ.

ಸೆಕ್ಯುರಿಟಿ ತಂಡ ಎಲ್ಲ ಕಡೆ ಇರಲಾಗದು, ಅದಕ್ಕೇ ಪ್ರತಿ ತಂಡದಲ್ಲೊಬ್ಬ ಸೆಕ್ಯುರಿಟಿ ಚಾಂಪಿಯನ್, ಅಂದರೆ ತಂಡದೊಳಗಿದ್ದೇ ಸೆಕ್ಯುರಿಟಿ ಕಡೆ ಗಮನ ಇಡುವವರು, ಇರಲಿ ಅನ್ನುತ್ತಾರೆ. ಒಳ್ಳೆಯದೇ. ಆದರೆ ಸ್ಪ್ರಿಂಟ್‌ನಲ್ಲಿ, ಅಂದರೆ ತಂಡ ಕೆಲವು ವಾರಗಳಿಗೆ ಹಾಕಿಕೊಳ್ಳುವ ಕೆಲಸದ ಯೋಜನೆಯಲ್ಲಿ, ಆ ಕೆಲಸಕ್ಕೆ ಸಮಯ ಎತ್ತಿಡದೆ, ವರ್ಷದ ಅಪ್ರೈಸಲ್‌ನಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯದೆ ಸುಮ್ನೆ ಬಿರುದು ಕೊಟ್ಟರೆ ಕೆಲವೇ ತಿಂಗಳಲ್ಲಿ ಎಲ್ಲ ತಣ್ಣಗಾಗುತ್ತದೆ.

ಮೇಲಿನವರಿಗೆ ಲೆಕ್ಕ ಒಪ್ಪಿಸುವಾಗ ಎಷ್ಟು ದೋಷ ಸಿಕ್ಕಿತು ಎಂದು ಹೇಳಬೇಡಿ, ಜಾಸ್ತಿ ಹುಡುಕಿದರೆ ಜಾಸ್ತಿ ಸಿಗುತ್ತದೆ. ಗಂಭೀರ ದೋಷ ಎಷ್ಟು ದಿನ ತೆರೆದಿತ್ತು, ಮುಚ್ಚಿದ ಜಾತಿಯದು ಮತ್ತೆ ಬಂತೇ ಎಂದು ತೋರಿಸಿ. ಕೆಲವನ್ನು ಈಗ ಸರಿಮಾಡಲು ಆಗುವುದೇ ಇಲ್ಲ, ಅದೂ ನಿಜ. ಆಗ ಆ ಅಪಾಯವನ್ನು ಒಪ್ಪಿ ಸಹಿ ಹಾಕಬೇಕಾದವರು ಆ ಉತ್ಪನ್ನದ ಹೊಣೆ ಹೊತ್ತವರು, ಸೆಕ್ಯುರಿಟಿ ತಂಡದವರಲ್ಲ. ಸಹಿಯ ಜೊತೆ ಕೊನೆಯ ದಿನಾಂಕವೂ ಇರಲಿ, ಆ ದಿನ ಟಿಕೆಟ್ ತಾನಾಗಿಯೇ ಮತ್ತೆ ತೆರೆದು ಸಹಿ ಹಾಕಿದವರ ಹೆಸರಿಗೇ ಹೋಗಲಿ.