ವೈಯೋಮಿಂಗ್ 1892: ಕ್ಲೀವ್‌ಲ್ಯಾಂಡ್ ಹೆಸರಿನ ಮುಂದಿನ ಸೊನ್ನೆ

ಚುನಾವಣಾ ಫಲಿತಾಂಶಗಳನ್ನು ಓದುವುದು, ಓದಲು ಕಲಿಸುವುದು ನನ್ನ ವೃತ್ತಿ. ಈ ವಿಷಯಕ್ಕೆ ಹೊಸದಾಗಿ ಬರುವ ವಿದ್ಯಾರ್ಥಿಗಳ ಮುಂದೆ ನಾನು ಮೊದಲು ಇಡುವುದು ಅಮೆರಿಕದ ಪಶ್ಚಿಮ ಭಾಗದ ವೈಯೋಮಿಂಗ್ ರಾಜ್ಯದಲ್ಲಿ 1892ರ ನವೆಂಬರ್ 8ರಂದು ನಡೆದ ಅಧ್ಯಕ್ಷೀಯ ಚುನಾವಣೆಯ ಕೋಷ್ಟಕವನ್ನು. ನಾಲ್ಕೇ ಸಾಲು: ರಿಪಬ್ಲಿಕನ್ ಪಕ್ಷದ ಬೆಂಜಮಿನ್ ಹ್ಯಾರಿಸನ್‌ಗೆ 8,454 ಮತ, ರೈತರ ಬೇಡಿಕೆಗಳ ಮೇಲೆ ಕಟ್ಟಿದ್ದ ಪಾಪ್ಯುಲಿಸ್ಟ್ ಪಕ್ಷದ ಜೇಮ್ಸ್ ವೀವರ್‌ಗೆ 7,722, ಪಾನನಿಷೇಧ ಪಕ್ಷದ ಜಾನ್ ಬಿಡ್‌ವೆಲ್‌ಗೆ 530, ಡೆಮಾಕ್ರಟಿಕ್ ಪಕ್ಷದ ಗ್ರೋವರ್ ಕ್ಲೀವ್‌ಲ್ಯಾಂಡ್‌ಗೆ ಸೊನ್ನೆ. ಅಮೆರಿಕದಲ್ಲಿ ಅಧ್ಯಕ್ಷರನ್ನು ಆರಿಸುವವರು ಪ್ರತಿ ರಾಜ್ಯದ ಮತದಾರರು ಚುನಾಯಿಸುವ ಎಲೆಕ್ಟರ್ ಎಂಬ ಪ್ರತಿನಿಧಿಗಳು; ಆ ವರ್ಷ 444 ಎಲೆಕ್ಟರ್ ಮತಗಳಲ್ಲಿ 277 ಪಡೆದು ದೇಶದ ಅಧ್ಯಕ್ಷರಾದವರು ಇದೇ ಕ್ಲೀವ್‌ಲ್ಯಾಂಡ್.

ಈ ಕೋಷ್ಟಕದಿಂದ ಏನು ತಿಳಿಯುತ್ತದೆ ಎಂದು ಕೇಳಿದರೆ, ವೈಯೋಮಿಂಗ್‌ನಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ನೆಲೆಯೇ ಇರಲಿಲ್ಲ ಎಂದು ತರಗತಿಯಲ್ಲಿ ಹೆಚ್ಚಿನವರು ಬರೆಯುತ್ತಾರೆ. ಆಗ ಎರಡನೆಯ ಹಾಳೆಯನ್ನು ಹಂಚುತ್ತೇನೆ. ಅದೇ ದಿನ, ಅದೇ ಮತದಾರರು ಗವರ್ನರ್ ಸ್ಥಾನಕ್ಕೂ ಮತ ಹಾಕಿದ್ದರು. ಅಲ್ಲಿ ಸುಮಾರು 9,300 ಮತ ಪಡೆದು ಗೆದ್ದವರು ಡೆಮಾಕ್ರಟಿಕ್ ಪಕ್ಷದ ಜಾನ್ ಆಸ್‌ಬಾರ್ನ್, ಸುಮಾರು 7,500 ಮತಗಳಲ್ಲಿ ನಿಂತು ಸೋತವರು ರಿಪಬ್ಲಿಕನ್ ಪಕ್ಷದ ಎಡ್ವರ್ಡ್ ಐವಿನ್‌ಸನ್. ಅಧ್ಯಕ್ಷರ ಸಾಲಿನಲ್ಲಿ ಸೊನ್ನೆ ಪಡೆದ ಪಕ್ಷ ಗವರ್ನರ್ ಸಾಲಿನಲ್ಲಿ ಗೆದ್ದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಮತಪತ್ರದಲ್ಲಿದೆ: ವೈಯೋಮಿಂಗ್‌ನ ಮತಪತ್ರದಲ್ಲಿ ಕ್ಲೀವ್‌ಲ್ಯಾಂಡ್ ಪರವಾದ ಎಲೆಕ್ಟರ್‌ಗಳ ಹೆಸರೇ ಇರಲಿಲ್ಲ. ಡೆಮಾಕ್ರಟರೂ ಪಾಪ್ಯುಲಿಸ್ಟರೂ ಹೊಂದಾಣಿಕೆ ಮಾಡಿಕೊಂಡಿದ್ದರು. ರಾಜ್ಯಮಟ್ಟದ ಸ್ಥಾನಗಳಲ್ಲಿ ಡೆಮಾಕ್ರಟಿಕ್ ಹುರಿಯಾಳುಗಳಿಗೆ ಪಾಪ್ಯುಲಿಸ್ಟರ ಬೆಂಬಲ, ಅಧ್ಯಕ್ಷ ಸ್ಥಾನಕ್ಕೆ ವೀವರ್ ಪರ ಎಲೆಕ್ಟರ್‌ಗಳಿಗೆ ಡೆಮಾಕ್ರಟರ ಬೆಂಬಲ ಎಂಬುದು ಒಪ್ಪಂದ. ಕೊಲರಾಡೊ, ಐಡಹೊ, ಕಾನ್ಸಸ್ ಮತ್ತು ನಾರ್ತ್ ಡಕೋಟಗಳಲ್ಲಿಯೂ ಕ್ಲೀವ್‌ಲ್ಯಾಂಡ್ ಕಣದಲ್ಲಿರಲಿಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ಹಾಸನದಲ್ಲಿ ಕಾಂಗ್ರೆಸ್‌ಗೆ ಎಷ್ಟು ಮತ ಬಿತ್ತು ಎಂದು ಕೇಳಿದಾಗ ವಿದ್ಯಾರ್ಥಿಗಳಿಗೆ ಇದು ತಟ್ಟನೆ ಹೊಳೆಯುತ್ತದೆ, ಏಕೆಂದರೆ ಮೈತ್ರಿಯಲ್ಲಿ ಜೆಡಿಎಸ್‌ಗೆ ಬಿಟ್ಟುಕೊಟ್ಟ ಆ ಕ್ಷೇತ್ರದಲ್ಲಿ ಕೈ ಗುರುತೇ ಇರಲಿಲ್ಲ.

ಡೆಮಾಕ್ರಟರು ತಮ್ಮದೇ ರಾಷ್ಟ್ರೀಯ ಅಭ್ಯರ್ಥಿಯನ್ನು ಬದಿಗಿಡಲು ಎರಡು ಕಾರಣಗಳಿದ್ದವು. ಪಶ್ಚಿಮದ ರಾಜ್ಯಗಳಲ್ಲಿ ಹ್ಯಾರಿಸನ್‌ಗೆ ಸೇರಬಹುದಾಗಿದ್ದ ಎಲೆಕ್ಟರ್‌ಗಳನ್ನು ಯಾರ ಕೈಯಿಂದಾದರೂ ತಪ್ಪಿಸಿದರೆ ಕ್ಲೀವ್‌ಲ್ಯಾಂಡ್‌ಗೇ ಲಾಭ ಎಂಬುದು ಮೊದಲನೆಯದು. ಹಣದ ಚಲಾವಣೆ ಹೆಚ್ಚಿ ಸಾಲ ತೀರಿಸುವುದು ಸುಲಭವಾಗಲೆಂದು ಬೆಳ್ಳಿ ನಾಣ್ಯವನ್ನು ಮಿತಿಯಿಲ್ಲದೆ ಟಂಕಿಸಬೇಕೆಂಬ ಬೇಡಿಕೆಗೆ ಕ್ಲೀವ್‌ಲ್ಯಾಂಡ್ ವಿರೋಧಿಯಾಗಿದ್ದರಿಂದ ಪಶ್ಚಿಮದ ಸಾಲಗಾರ ರೈತರ ನಡುವೆ ಅವರ ಹೆಸರು ಹೇಳಿ ಮತ ಕೇಳುವುದು ಕಷ್ಟವಿತ್ತು ಎಂಬುದು ಎರಡನೆಯದು. ಆದರೆ ವೈಯೋಮಿಂಗ್‌ನಲ್ಲಿ ಈ ಹೊಂದಾಣಿಕೆಗೆ ಬಿಸಿ ತಂದದ್ದು ಬೆಳ್ಳಿಯಲ್ಲ, ದನ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ರಾಜ್ಯದ ಬಯಲಿನಲ್ಲಿ ಸಾವಿರಾರು ದನಗಳನ್ನು ಮೇಯಿಸುತ್ತಿದ್ದ ದೊಡ್ಡ ಮಾಲೀಕರ ಸಂಘವು, ಸಣ್ಣ ಹಿಡುವಳಿದಾರರು ದೊಡ್ಡ ಮಾಲೀಕರ ಕರುಗಳನ್ನು ಕದ್ದು ತಮ್ಮ ಗುರುತಿನ ಬರೆ ಹಾಕಿಕೊಳ್ಳುತ್ತಿದ್ದಾರೆ ಎಂದು ಆರೋಪಿಸುತ್ತಿತ್ತು. 1892ರ ಏಪ್ರಿಲ್‌ನಲ್ಲಿ ಈ ಮಾಲೀಕರು ಟೆಕ್ಸಸ್‌ನಿಂದ ಬಂದೂಕುಧಾರಿಗಳನ್ನು ಬಾಡಿಗೆಗೆ ಕರೆತಂದು, ಶೈಯನ್ ನಗರದಿಂದ ರೈಲಿನಲ್ಲಿ ಹೊರಟು ಜಾನ್‌ಸನ್ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಮೇಲೆ ದಂಡೆತ್ತಿ ಹೋದರು. ಏಪ್ರಿಲ್ 9ರಂದು ಕೆಸಿ ರಾಂಚ್ ಎಂಬ ದನ ಸಾಕುವ ತಾಣದಲ್ಲಿ ಮರದ ದಿಮ್ಮಿಗಳ ಮನೆಯೊಂದನ್ನು ಸುತ್ತುವರಿದು ನಿಕ್ ರೇ ಮತ್ತು ನೇಟ್ ಚಾಂಪಿಯನ್ ಎಂಬಿಬ್ಬರನ್ನು ಕೊಂದರು. ಒಳಗೆ ಸಿಕ್ಕಿಕೊಂಡಿದ್ದ ಚಾಂಪಿಯನ್ ಗುಂಡಿನ ಸುರಿಮಳೆಯ ನಡುವೆಯೇ ಜೇಬಿನ ಪುಸ್ತಕದಲ್ಲಿ ನಡೆದದ್ದನ್ನು ಬರೆಯುತ್ತ ಹೋದ. ಜೊತೆಗಾರನಿಗೆ ಗುಂಡು ತಾಗಿದ್ದು, ಸುಮಾರು ಒಂಬತ್ತು ಗಂಟೆಗೆ ಅವನು ಸತ್ತದ್ದು, ಮನೆಗೆ ಬೆಂಕಿ ಬಿದ್ದದ್ದು ಎಲ್ಲವೂ ಅದರಲ್ಲಿದೆ. ಬೆಂಕಿಯಿಂದ ಹೊರಗೋಡಿದ ಅವನನ್ನು ಹೊಡೆದುರುಳಿಸಿದರು. ಆ ಪುಟಗಳು ಪತ್ರಿಕೆಯಲ್ಲಿ ಅಚ್ಚಾದವು. ಎಷ್ಟೋ ವರ್ಷಗಳಿಂದ ಈ ಭಾಗವನ್ನು ಪಾಠ ಮಾಡುತ್ತಿದ್ದರೂ, ಗಂಟೆ ಗಂಟೆಯ ವಿವರ ಬರೆದಿಟ್ಟ ಆ ಮನುಷ್ಯನ ಸ್ಥೈರ್ಯವನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಸುದ್ದಿ ತಿಳಿದ ಕೌಂಟಿಯ ಜನ ನೂರಾರು ಸಂಖ್ಯೆಯಲ್ಲಿ ಸೇರಿ ದಾಳಿಕೋರರನ್ನು ಟಿಎ ರಾಂಚ್‌ನಲ್ಲಿ ಮುತ್ತಿದರು. ಆಗ ಹಂಗಾಮಿ ಗವರ್ನರ್ ಆಗಿದ್ದ ಏಮಸ್ ಬಾರ್ಬರ್ ತಂತಿ ಕಳಿಸಿ ಸೇನೆಯ ನೆರವು ಬೇಡಿದರು, ರಾಜ್ಯದ ಇಬ್ಬರು ರಿಪಬ್ಲಿಕನ್ ಸೆನೆಟರ್‌ಗಳಾದ ಫ್ರಾನ್ಸಿಸ್ ವಾರೆನ್ ಮತ್ತು ಜೋಸೆಫ್ ಕ್ಯಾರಿ ಅಧ್ಯಕ್ಷ ಹ್ಯಾರಿಸನ್‌ರನ್ನು ಒತ್ತಾಯಿಸಿದರು. ಏಪ್ರಿಲ್ 13ರ ಬೆಳಿಗ್ಗೆ ಮೆಕಿನ್ನಿ ಕೋಟೆಯಿಂದ ಬಂದ ಅಶ್ವದಳ ಮುತ್ತಿಗೆಯನ್ನು ತಡೆದು ದಾಳಿಕೋರರನ್ನು ಸುರಕ್ಷಿತವಾಗಿ ವಶಕ್ಕೆ ತೆಗೆದುಕೊಂಡಿತು. ಮುಂದೆ ಅವರಲ್ಲಿ ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ರಿಪಬ್ಲಿಕನ್ನರದು ದನದ ಸಾಹುಕಾರರ ಪಕ್ಷ ಎಂಬ ಮಾತು ಏಳು ತಿಂಗಳ ನಂತರದ ಚುನಾವಣೆಯವರೆಗೂ ಆರಲಿಲ್ಲ, ಮತ್ತು ಎದುರಾಳಿಗಳಿಬ್ಬರನ್ನು ಒಂದೇ ಪಾಳಯಕ್ಕೆ ತಂದದ್ದು ಆ ಸಿಟ್ಟು.

ಹಾಗಿದ್ದರೆ ಸೇನೆ ಕಳಿಸಿದ ಹ್ಯಾರಿಸನ್ ಗೆದ್ದದ್ದು ಹೇಗೆ? ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಲೆಕ್ಕ ಹಾಕಿದರೆ, ಹ್ಯಾರಿಸನ್‌ಗೆ ಬಿದ್ದ ಮತಗಳು ಅವರದೇ ಪಕ್ಷದ ಐವಿನ್‌ಸನ್‌ಗೆ ಬಿದ್ದ ಮತಗಳಿಗಿಂತ ಒಂಬೈನೂರಕ್ಕೂ ಹೆಚ್ಚು. ಅಧ್ಯಕ್ಷರಾಗಿ ಹ್ಯಾರಿಸನ್ ಬೇಕು, ಗವರ್ನರ್ ಆಗಿ ಐವಿನ್‌ಸನ್ ಬೇಡ ಎಂದವರು ಕನಿಷ್ಠ ಅಷ್ಟು ಮಂದಿ ಇದ್ದರು. ಹ್ಯಾರಿಸನ್ ಮತ್ತು ವೀವರ್ ನಡುವಿನ ಅಂತರ ಬರೀ 732. ಆಸ್‌ಬಾರ್ನ್‌ಗೆ ಮತ ಕೊಟ್ಟ ಡೆಮಾಕ್ರಟರಲ್ಲಿ ಒಂದು ಪಾಲು ವೀವರ್‌ರತ್ತ ಹೊರಳಲು ಒಪ್ಪಲಿಲ್ಲ ಎಂದೇ ನಾನು ಇದನ್ನು ಓದುತ್ತೇನೆ. ಪಕ್ಷದ ನಾಯಕರು ಕೈ ಕುಲುಕಿದ ಮಾತ್ರಕ್ಕೆ ಮತಗಳು ಇಡಿಯಾಗಿ ವರ್ಗವಾಗುವುದಿಲ್ಲವೆಂಬುದನ್ನು ಮೈತ್ರಿ ಚುನಾವಣೆಗಳನ್ನು ಕಂಡ ಯಾರಿಗೂ ವಿವರಿಸಬೇಕಾಗಿಲ್ಲ. ವೈಯೋಮಿಂಗ್‌ಗೆ ರಾಜ್ಯದ ಸ್ಥಾನ ನೀಡುವ ಮಸೂದೆಗೆ 1890ರ ಜುಲೈ 10ರಂದು ಸಹಿ ಹಾಕಿದ್ದವರೂ ಹ್ಯಾರಿಸನ್ನರೇ ಆಗಿದ್ದರು.

ರಾಜ್ಯವಾದ ಮೇಲೆ ಅದು ವೈಯೋಮಿಂಗ್‌ನ ಮೊದಲ ಅಧ್ಯಕ್ಷೀಯ ಚುನಾವಣೆ. 1869ರ ಡಿಸೆಂಬರ್‌ನಲ್ಲೇ ಹೆಣ್ಣುಮಕ್ಕಳಿಗೆ ಮತದಾನದ ಹಕ್ಕು ಕೊಟ್ಟಿದ್ದ ಈ ಪ್ರದೇಶವು ರಾಜ್ಯವಾಗುವಾಗಲೂ ಆ ಹಕ್ಕನ್ನು ಸಂವಿಧಾನದಲ್ಲಿ ಉಳಿಸಿಕೊಂಡಿತ್ತು. ಹಾಗಾಗಿ 1892ರಲ್ಲಿ ಇಡೀ ದೇಶದಲ್ಲಿ ಹೆಂಗಸರು ಗಂಡಸರಷ್ಟೇ ಹಕ್ಕಿನಿಂದ ಅಧ್ಯಕ್ಷರ ಆಯ್ಕೆಗೆ ಮತ ಹಾಕಿದ ರಾಜ್ಯ ಇದೊಂದೇ. ಆ ವರ್ಷ ಮಿನಿಯಾಪೊಲಿಸ್‌ನಲ್ಲಿ ನಡೆದ ರಿಪಬ್ಲಿಕನ್ ಮಹಾಧಿವೇಶನಕ್ಕೆ ತೆರೇಸಾ ಜೆಂಕಿನ್ಸ್ ಮತ್ತು ಕೋರಾ ಕಾರ್ಲ್‌ಟನ್ ಬದಲಿ ಪ್ರತಿನಿಧಿಗಳಾಗಿ ಹೋಗಿದ್ದರು. ಹ್ಯಾರಿಸನ್‌ರನ್ನು ಗೆಲ್ಲಿಸಿದ್ದು ಹೆಂಗಸರ ಮತವೇ ಎಂದು ಕೆಲವು ವಿದ್ಯಾರ್ಥಿಗಳು ಉತ್ಸಾಹದಿಂದ ಬರೆಯುತ್ತಾರೆ. ನಾನು ಅದಕ್ಕೆ ಅಂಕ ಕೊಡುವುದಿಲ್ಲ. ಪೆಟ್ಟಿಗೆಯೊಳಗೆ ಬಿದ್ದ ಮೇಲೆ ಮತಪತ್ರಕ್ಕೆ ಗಂಡು ಹೆಣ್ಣೆಂಬ ಗುರುತು ಉಳಿಯುವುದಿಲ್ಲ.

ರಾಜ್ಯದ ಗಾತ್ರವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ವೈಯೋಮಿಂಗ್‌ನ ವಿಸ್ತೀರ್ಣ ಸುಮಾರು 2.53 ಲಕ್ಷ ಚದರ ಕಿಲೋಮೀಟರ್, ಅಂದರೆ ಇಂದಿನ ಕರ್ನಾಟಕಕ್ಕಿಂತ ದೊಡ್ಡದು. 1890ರ ಜನಗಣತಿಯಲ್ಲಿ ಅಲ್ಲಿದ್ದವರು 62 ಸಾವಿರಕ್ಕೆ ತುಸು ಮೇಲೆ. ಸುಮಾರು 16,700 ಮತದಾರರು ಮೂವರು ಎಲೆಕ್ಟರ್‌ಗಳನ್ನು ಆರಿಸಿದರು, ಅಂದರೆ ಒಬ್ಬ ಎಲೆಕ್ಟರ್‌ಗೆ 5,600ರಷ್ಟು ಮತ. ಅದೇ ವರ್ಷ ನ್ಯೂಯಾರ್ಕ್‌ನಲ್ಲಿ 13 ಲಕ್ಷಕ್ಕೂ ಹೆಚ್ಚು ಮತಗಳಿಗೆ 36 ಎಲೆಕ್ಟರ್‌ಗಳಿದ್ದರು. ಎಷ್ಟೇ ಚಿಕ್ಕ ರಾಜ್ಯವಾದರೂ ಇಬ್ಬರು ಸೆನೆಟರ್‌ಗಳ ಲೆಕ್ಕದಲ್ಲಿ ಎರಡು ಎಲೆಕ್ಟರ್ ಮತಗಳು ಸಿಕ್ಕೇ ಸಿಗುವುದರಿಂದ, ಏಳುನೂರು ಚಿಲ್ಲರೆ ಮತಗಳ ಅಂತರಕ್ಕೂ ಅಲ್ಲಿ ರಾಷ್ಟ್ರಮಟ್ಟದ ಬೆಲೆ ಬರುತ್ತದೆ.

ಪಾಠ ಮುಗಿಸುವ ಮುನ್ನ ನಾನು ಮೂರನೆಯ ಹಾಳೆಯನ್ನು ಕೊಡುತ್ತೇನೆ: 1896ರ ವೈಯೋಮಿಂಗ್. ಆ ಬಾರಿ ಬೆಳ್ಳಿಯ ಪರ ನಿಂತಿದ್ದ ವಿಲಿಯಂ ಜೆನ್ನಿಂಗ್ಸ್ ಬ್ರಯನ್‌ರನ್ನು ಡೆಮಾಕ್ರಟರು, ಪಾಪ್ಯುಲಿಸ್ಟರು ಇಬ್ಬರೂ ತಮ್ಮ ಅಭ್ಯರ್ಥಿ ಎಂದು ಒಪ್ಪಿಕೊಂಡಿದ್ದರು, ಮತ್ತು ಅವರು ಕಡಿಮೆ ಅಂತರದಿಂದ ಆ ರಾಜ್ಯವನ್ನು ಗೆದ್ದರು. ಮೊದಲ ಹಾಳೆಯನ್ನಷ್ಟೇ ನೋಡಿದವರಿಗೆ ಒಂದು ಪಕ್ಷ ನಾಲ್ಕು ವರ್ಷಗಳಲ್ಲಿ ಸೊನ್ನೆಯಿಂದ ಗೆಲುವಿಗೆ ಏರಿದಂತೆ ಕಾಣುತ್ತದೆ. ಮೂರನ್ನೂ ಮುಂದಿಟ್ಟುಕೊಂಡ ವಿದ್ಯಾರ್ಥಿಗಳು ಅಷ್ಟು ಹೊತ್ತಿಗೆ ಮತಪತ್ರದಲ್ಲಿ ಯಾರ ಯಾರ ಹೆಸರಿತ್ತು ಎಂದು ನನ್ನನ್ನೇ ಕೇಳತೊಡಗಿರುತ್ತಾರೆ.